ಮೂರನೆಯ ಕೊಂಬು

ನನ್ನ ಮೊಮ್ಮಗಳ ಮಗ್ಗುಲಲ್ಲಿ ನಾನು ಮಲಗುತ್ತಿದ್ದ ಜಾಗದಲ್ಲಿ ಈಗ ಮೂರು ಕೊಂಬಿನ ಒಂದು ಪ್ರಾಣಿ ಮಲಗುತ್ತದೆ. ರಬ್ಬರಿನದು, ಹಸಿರು ಬಣ್ಣದ್ದು, ಗೇಣುದ್ದ ಇದೆ. ನಾನು ಬಗ್ಗಿ ಹೊದಿಕೆ ಸರಿಮಾಡಲು ಹೋದರೆ ಅದರ ಕೊಂಬು ನನ್ನ ಮೊಣಕೈಗೆ ಚುಚ್ಚುತ್ತದೆ. ಬೇಕೆಂದೇ ಚುಚ್ಚುತ್ತದೆ ಎಂದು ನನಗೆ ಅನುಮಾನ. ಓವಿಗೆ ಈಗ ಏಳು ವರ್ಷ. ಮಗನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದವಳು. ಅವಳು ಹುಟ್ಟಿದ ದಿನ ನಾನು ಮಿರಜಿನ ನಮ್ಮ ಓಣಿಗೆಲ್ಲ ಪೇಢೆ ಹಂಚಿ, ಉಳಿದದ್ದನ್ನು ಗುರುತಿಲ್ಲದ ಓಣಿಗೂ ಹೋಗಿ ಹಂಚಿ ಬಂದವಳು. ಅಂಥ ಮೊಮ್ಮಗಳು ನನ್ನನ್ನು ಹಾಸಿಗೆಯ ಅಂಚಿಗೆ ಸರಿಸಿ ಒಂದು ರಬ್ಬರಿನ ದನವನ್ನು ತಬ್ಬಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯುತ್ತದೆ. ಅರವತ್ತೆಂಟನೆಯ ವಯಸ್ಸಿನಲ್ಲೂ ಉರಿಯುತ್ತದೆ. ಮುಚ್ಚಿಟ್ಟು ಏನು ಮಾಡಲಿ.

ದನ ಎಂದರೆ ಓವಿಗೆ ಸಿಟ್ಟು. ಅವಳ ತಾಯಿ ಕವಲಾಪುರದವಳು, ಮನೆಯಲ್ಲಿ ಮರಾಠಿಯೇ ಹೆಚ್ಚು. ನನ್ನ ಕನ್ನಡ ಓವಿಗೆ ಪೂರ್ತಿ ತಿಳಿಯುತ್ತದೆ. ಮಾತಾಡುವಾಗ ಮಾತ್ರ ಎರಡನ್ನೂ ಕಲಸುತ್ತಾಳೆ.

"ಅಜ್ಜಿ, ದನ ನಾಹೀ! ಟ್ರೈಸೆರಾಟಾಪ್ಸ್ ಅನ್ನು."

"ಟ್ರೈ... ಏನ ತಾಯಿ?"

"ಸೆರಾ. ಟಾಪ್ಸ್."

"ಮೂರು ಕೊಂಬಿನಾಂವ ಅಂತೀನಿ ತಗೋ. ಅಂವಗೂ ತಿಳೀತೈತಿ, ನನಗೂ ತಿಳೀತೈತಿ."

ಆ ಪ್ರಾಣಿಯ ಬಗ್ಗೆ ನನಗೆ ತಿಳಿದದ್ದೆಲ್ಲ ಓವಿಯಿಂದ. ನಾನು ನನ್ನ ತವರೂರು ಆರಗದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದವಳು. ಅವಳು ಚಿತ್ರದ ಪುಸ್ತಕ ತೆರೆದು ನನಗೆ ನಾಲ್ಕನೆಯದನ್ನು ಕಲಿಸುತ್ತಿದ್ದಾಳೆ. ಮನುಷ್ಯನ ಸುಳಿವೇ ಇಲ್ಲದ ಕಾಲದಲ್ಲಿ ಇದ್ದು ಹೋದ ಪ್ರಾಣಿಯಂತೆ. ಆನೆಯಷ್ಟು ಮೈ, ಆದರೆ ಹುಟ್ಟುತ್ತಿದ್ದದ್ದು ತತ್ತಿಯಿಂದ. ಕಣ್ಣಿನ ಮೇಲೆ ಎರಡು ಉದ್ದ ಕೊಂಬು, ಮೂಗಿನ ಮೇಲೆ ಒಂದು ಗಿಡ್ಡ ಕೊಂಬು. ಕುತ್ತಿಗೆಯ ಹಿಂದೆ ನಿಲ್ಲಿಸಿಟ್ಟ ಮೊರದಂಥ ಎಲುಬು. ಗಿಳಿಯದರಂಥ ಕೊಕ್ಕು. ಇಷ್ಟೆಲ್ಲ ಆಯುಧ ಹೊತ್ತುಕೊಂಡು ಆ ಬಡಪಾಯಿ ತಿನ್ನುತ್ತಿದ್ದದ್ದು ಬರೀ ಸೊಪ್ಪು ಸದೆ. ಬಾಯಲ್ಲಿ ಸಾಲುಸಾಲು ಹಲ್ಲು. ಮೇಲಿನದು ಸವೆದಂತೆ ಒಳಗಿಂದ ಹೊಸದು ಬರುತ್ತಿತ್ತಂತೆ, ಸಾಯುವ ತನಕ. ಅದನ್ನು ಕೇಳಿದಾಗ ನಾನು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ನಾಲಗೆಯಿಂದ ಮುಟ್ಟಿ ನೋಡಿಕೊಂಡೆ. ಅಲ್ಲೂ ನನಗೆ ಉರಿಯಿತು.

ಒಂದು ಸಂಜೆ ಓವಿ ಕೇಳಿದಳು:

"ಅಜ್ಜಿ, ಕೊಂಬ ಮುರದ್ರ ಅದಕ್ಕ ನೋವ ಆಗತೈತಿ ಕಾಯ್?"

"ಆಗದ ಏನವಾ! ನಮ್ಮ ಸರ್ಜಾ ಅನ್ನೂ ಎತ್ತಿಂದು ಬಂಡಿ ನೊಗಕ್ಕ ಸಿಕ್ಕ ಮುರದಿತ್ತು. ಮ್ಯಾಲಿನ ಟೊಪಗಿ ಕಳಚಿ ಬಿತ್ತು, ಒಳಗ ಹಸಿ ಎಲುಬ, ರಕ್ತ ಸುರೀತಿತ್ತು. ನಮ್ಮಜ್ಜ ಅರಿಷಿಣ ಮೆತ್ತಿ ಅರಿವಿ ಕಟ್ಟಿದ. ಎಂಟ ದಿನ ಮೇವ ಮುಟ್ಟಲಿಲ್ಲ ಅದು."

ಓವಿ ಪುಸ್ತಕ ತಿರುವಿದಳು. ಅಲ್ಲಿ ಕೊಂಬನ್ನು ಸೀಳಿ ತೋರಿಸಿದ ಚಿತ್ರವಿತ್ತು: ಒಳಗೆ ಎಲುಬು, ಮೇಲೆ ಉಗುರಿನಂಥ ಹೊದಿಕೆ. ನನ್ನ ಮುಖ ನೋಡಿ, ಪುಸ್ತಕ ನೋಡಿ, ಮತ್ತೆ ನನ್ನ ಮುಖ ನೋಡಿ, ಓದದೆ ನಿನಗೆ ಹೇಗೆ ಗೊತ್ತು ಎಂದು ಮರಾಠಿಯಲ್ಲಿ ಕೇಳಿದಳು. ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ. ಅದೇ ಉಮೇದಿನಲ್ಲಿ ಮುಂದಿನ ಹಾಳೆಯನ್ನು ನಾನೇ ತಿರುವಿದೆ. ಆ ಪ್ರಾಣಿ ನಮ್ಮ ಕಡೆಗೆ ನೇರ ಮುಖ ಮಾಡಿ ನಿಂತ ಚಿತ್ರವಿತ್ತು. ಎಡಕ್ಕೊಂದು, ಬಲಕ್ಕೊಂದು, ನಟ್ಟನಡುವೆ ಮೂಗಿನ ಮೇಲೊಂದು. ಈ ಮುಖವನ್ನು ನಾನು ಎಂಟನೆಯ ವಯಸ್ಸಿನಲ್ಲೇ ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಆ ನಡುವಿನ ಕೊಂಬನ್ನು ಹಚ್ಚಿದವಳು ನಾನೇ. ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಆರಗದ ನಮ್ಮ ಮನೆಯ ಬಾಗಿಲು ದಾಟಿದ ಕೂಡಲೇ ದನಗಳ ವಾಸನೆ ಬರುತ್ತಿತ್ತು, ಆಮೇಲೆ ಮನುಷ್ಯರದು. ತಗ್ಗಿನ ಭಾಗದಲ್ಲಿ ಗ್ವಾದಲಿ, ಅಂದರೆ ಎತ್ತು ಎಮ್ಮೆಗಳು ಮೇವು ತಿನ್ನುವ ಉದ್ದನೆಯ ಕಟ್ಟೆ; ಅದರಾಚೆ ಎರಡು ಮೆಟ್ಟಿಲೆತ್ತರಕ್ಕೆ ನಾವು ಕೂರುವ, ಉಣ್ಣುವ, ಮಲಗುವ ಪಡಸಾಲೆ. ಮಲಗಿದಲ್ಲಿಂದ ಎತ್ತಿನ ಉಸಿರು ಕೇಳುತ್ತಿತ್ತು. ಅಜ್ಜನಿಗೆ ಊರಾಚೆ ಎಲೆತೋಟ. ವಾರಕ್ಕೊಮ್ಮೆ ವೀಳ್ಯದೆಲೆಯ ಬುಟ್ಟಿಗಳನ್ನು ಬಂಡಿಗೆ ಹೇರಿ, ಒದ್ದೆ ಗೋಣಿತಟ್ಟು ಹೊದಿಸಿ ಮಿರಜಿಗೆ ಹೋಗುತ್ತಿದ್ದ. ಪಡಸಾಲೆಯ ಮೂಡಣ ಮೂಲೆಯಲ್ಲಿ ದೇವರ ಜಗಲಿ, ಅದರ ಪಕ್ಕದ ಕಂಬಕ್ಕೆ ಒರಗಿ ಅಜ್ಜ ಊಟಕ್ಕೆ ಕೂರುತ್ತಿದ್ದ. ಅವನ ತಾಟಿನ ಬಲಕ್ಕೆ ಒಂದು ಮೊಳದಷ್ಟು ಜಾಗ ನನ್ನದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಎಲ್ಲ ಮುಗಿದ ಮೇಲೆ ಅಜ್ಜ ರೊಟ್ಟಿಯ ಕೊನೆಯ ಚೂರಿಗೆ ಹಾಲಿನ ಕೆನೆ ಸವರಿ, ಬೆಲ್ಲದ ಪುಡಿ ಉದುರಿಸಿ, ಸುರುಳಿ ಸುತ್ತಿ ನನ್ನ ಬಾಯಿಗಿಡುತ್ತಿದ್ದ. ಮನೆಯಲ್ಲಿ ಹನ್ನೊಂದು ಜನ. ಕೊನೆಯ ತುತ್ತು ನನ್ನೊಬ್ಬಳಿಗೆ. ನಾನು ಅದನ್ನು ನಿಧಾನವಾಗಿ, ಎಲ್ಲರೂ ನೋಡುವ ಹಾಗೆ ತಿನ್ನುತ್ತಿದ್ದೆ.

ಆ ವರ್ಷ ಯುಗಾದಿಯ ಬೆನ್ನಿಗೆ ನೀಲಾ ಬಂದಳು. ನನ್ನ ಕಾಕಾನ ಮಗಳು, ನನಗಿಂತ ಆರು ತಿಂಗಳು ದೊಡ್ಡವಳು. ಕಾಕಾ ಸಾಂಗಲಿಯ ಪೇಟೆಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ, ನಾವು ತಾರಾಕಾಕು ಎನ್ನುತ್ತಿದ್ದವಳು, ಎದೆಯ ಬೇನೆಯಿಂದ, ಅಂದರೆ ಕ್ಷಯದಿಂದ, ಮಿರಜಿನ ಆಸ್ಪತ್ರೆ ಸೇರಿದ್ದಳು. ಯಾವಾಗ ಬಿಡುತ್ತಾರೋ ತಿಳಿಯದು ಎಂದು ಕಾಕಾ ಮಗಳನ್ನು ನಮ್ಮಲ್ಲಿ ತಂದುಬಿಟ್ಟ. ಒಂದು ಟ್ರಂಕು, ಎರಡು ಲಂಗ, ಎಣ್ಣೆ ಕಾಣದ ಕೂದಲು. ಮೊದಲ ದಿನ ನನಗೂ ಅಯ್ಯೋ ಎನ್ನಿಸಿತು. ಎರಡನೆಯ ದಿನ ಅವ್ವ ಅವಳ ತಲೆಗೆ ಎಣ್ಣೆ ಹಚ್ಚಿದಳು, ನನ್ನದಕ್ಕಿಂತ ಹೆಚ್ಚು ಹೊತ್ತು. ಮೂರನೆಯ ದಿನ ಅಜ್ಜ ಊಟಕ್ಕೆ ಕೂತಾಗ ಅವಳನ್ನು ಕರೆದು ಬಲಕ್ಕೆ ಕೂರಿಸಿಕೊಂಡ. ನಾನು ಎಡಕ್ಕೆ ಸರಿದೆ. ಕೊನೆಯ ತುತ್ತು ಬಲಗೈಯಿಂದ ಹೊರಟಿತು, ಬಲಕ್ಕೇ ಹೋಯಿತು.

"ನಿಂದೇನೈತಿ, ದಿನಾ ತಿಂತಿ," ಎಂದ ಅಜ್ಜ, ನನ್ನ ಮೋರೆ ನೋಡಿ. "ಪಾಪ, ಕೂಸಿನ ಅವ್ವ ದವಾಖಾನ್ಯಾಗದಾಳ."

ನನ್ನ ಅವ್ವ ದವಾಖಾನೆಯಲ್ಲಿ ಯಾಕಿಲ್ಲ ಎಂದು ನಾನು ಆ ದಿನ ಅಂದುಕೊಂಡೆ. ಅಂದುಕೊಂಡದ್ದನ್ನು ಅಂದುಕೊಂಡೆನೆಂದೇ ಬರೆಯಬೇಕು. ಹೊಸ ಎತ್ತನ್ನು ತಂದು ಹಳೆಯದರ ಗೂಟಕ್ಕೆ ಕಟ್ಟಿದರೆ ಏನಾಗುತ್ತದೆಂದು ಗ್ವಾದಲಿ ಇದ್ದ ಮನೆಯ ಮಕ್ಕಳಿಗೆ ಗೊತ್ತು. ಮೇವು ಎರಡಕ್ಕೂ ಸಾಕಷ್ಟಿರುತ್ತದೆ. ಆದರೂ ಹಳೆಯದು ತಲೆ ತಗ್ಗಿಸುತ್ತದೆ, ಮೂಗಿನಿಂದ ಸುಸ್ಸೆನ್ನುತ್ತದೆ, ಕೊಂಬು ಹಾಕುತ್ತದೆ. ಓವಿಯ ಪುಸ್ತಕದಲ್ಲೂ ಹಾಗೆಯೇ ಇದೆ. ಆ ಮೂರು ಕೊಂಬಿನವುಗಳ ತಲೆಯ ಮೊರದಲ್ಲಿ ಗಾಯದ ಗುರುತುಗಳು ಸಿಕ್ಕಿವೆಯಂತೆ. ಮಾಂಸ ತಿನ್ನುವ ರಾಕ್ಷಸ ಹಲ್ಲಿಗಳು ಕಚ್ಚಿದ್ದು ಕೆಲವು ಇರಬಹುದು, ಆದರೆ ಎಷ್ಟೋ ಗಾಯ ತಮ್ಮ ಜಾತಿಯವೇ ತಿವಿದು ಆದದ್ದೆಂದು ತಿಳಿದವರು ಹೇಳುತ್ತಾರೆ. ಯಾತಕ್ಕೆ ಜಗಳ ಎಂದು ಓವಿಯನ್ನು ಕೇಳಿದೆ. ಜಾಗಕ್ಕೋ ಜೋಡಿಗೋ ಇರಬಹುದು, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದಳು. ನನಗೆ ಗೊತ್ತು. ಕೊನೆಯ ತುತ್ತಿಗೆ.

ನೀಲಾ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಕದಿಯಲಿಲ್ಲ, ಸುಳ್ಳಾಡಲಿಲ್ಲ, ನನ್ನ ಲಂಗ ಕೇಳಲಿಲ್ಲ. ಬೆರಳು ಮಾತ್ರ ಬಹಳ ಚೆನ್ನಾಗಿದ್ದವು. ಅವಳು ಬತ್ತಿ ಹೊಸೆದರೆ ಎಳೆ ಒಡೆಯುತ್ತಿರಲಿಲ್ಲ, ಕಡಬು ಮುಚ್ಚಿದರೆ ಹೂರಣ ಹೊರಗೆ ಬರುತ್ತಿರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ, "ಕಸ್ತೂರಿ, ಆಕೀನ ನೋಡಿ ಕಲಿ ಒಂಚೂರು," ಎಂದು ನನಗೆ ಹೇಳಿ ಹೋಗುತ್ತಿದ್ದರು. ನಾನು ಆಕೆಯನ್ನು ನೋಡುತ್ತಲೇ ಇದ್ದೆ. ಕಲಿಯುವುದಕ್ಕಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅದರ ಹಿಂದಿನ ದಿನವೇ ಒಂದು ಜೋಡಿ ಮಣ್ಣಿನ ಎತ್ತು ಮಾಡಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಮುಂದೊಂದು ಪುಟ್ಟ ಗ್ವಾದಲಿ ಮಾಡಿಟ್ಟು ಅಮಾವಾಸ್ಯೆಯ ಬೆಳಿಗ್ಗೆ ಜಗಲಿಯ ಮೇಲೆ ಪೂಜೆ ಮಾಡುತ್ತಾರೆ. ನಮ್ಮ ಅಜ್ಜನ ಕಟ್ಟಳೆ ಏನೆಂದರೆ, ಎತ್ತು ಮಾಡುವವರು ಮಕ್ಕಳು, ಮತ್ತು ಯಾರ ಮಣ್ಣು ಅವರೇ ತರಬೇಕು. ಆ ವರ್ಷ ಅವನು ಇನ್ನೊಂದು ಮಾತು ಸೇರಿಸಿದ.

"ಯಾರ ಎತ್ತು ಜಗಲಿ ಏರತಾವೋ, ಆಕಿ ಈ ಸಲ ನನ್ನ ಕೂಡ ಬಂಡ್ಯಾಗ ಮಿರಜಿಗೆ. ಬುಟ್ಟಿ ನಡುವ ಒಬ್ಬಾಕೀಗಷ್ಟ ಜಾಗ ಐತಿ ನೋಡ್ರಿ."

ಅಜ್ಜನ ಪಕ್ಕ ಬಂಡಿಯಲ್ಲಿ ಕೂತು ಹೋಗುವುದು! ರೈಲು ನೋಡುವುದು! ನನಗೆ ಬೇಕಾದದ್ದು ಅಷ್ಟೇ. ನೀಲಾಗೆ ಬೇಕಾದದ್ದು ಬೇರೆ ಇತ್ತು. ಮಿರಜಿನಲ್ಲಿ ಅವಳ ಅವ್ವ ಇದ್ದಳು. ಆ ಬೇನೆ ಇದ್ದಲ್ಲಿಗೆ ಮಕ್ಕಳನ್ನು ಒಯ್ಯಬಾರದೆಂದು ಮನೆಯ ಹಿರಿಯರು ಹಟ ಹಿಡಿದಿದ್ದರು. ಅಜ್ಜ ಸುಮ್ಮನೆ ಕೇಳಿಸಿಕೊಂಡಿದ್ದ. ಆ ಪಂದ್ಯವನ್ನು ಅವನು ಹೂಡಿದ್ದು ಯಾಕೆ, ಯಾರ ಬೆರಳು ಗೆಲ್ಲುತ್ತವೆಂದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎನ್ನುವುದು ನನಗೆ ಹೊಳೆದದ್ದು ನಾನೇ ಮಕ್ಕಳ ತಾಯಿಯಾದ ಮೇಲೆ. ಆದರೆ ನೀಲಾ ಮಿರಜಿಗೆ ಯಾಕೆ ಹೋಗಬೇಕೆಂದಿದ್ದಾಳೆ ಎನ್ನುವುದು ಅವತ್ತೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಯಿತು. ಬರೆಯಲಿಲ್ಲ.

ನಾನು ಓಡಿಹೋಗಿ ತೋಟದ ಬದುವಿನ ಹುತ್ತದ ಕೆಂಪು ಮಣ್ಣು ತಂದೆ. ಅದು ಜಿಗಿ, ಬಿರುಕು ಬಿಡುವುದಿಲ್ಲ ಎಂದು ಹಿರಿಯರು ಹೇಳುವುದು ಕೇಳಿದ್ದೆ. ನೀಲಾಗೆ ಊರು ಹೊಸತು, ಹುತ್ತ ಎಲ್ಲಿದೆಯೋ ತಿಳಿಯದು. ಹಿತ್ತಿಲಾಚೆಯ ಹೊಲದ ಕರಿಮಣ್ಣನ್ನೇ ಲಂಗದ ಉಡಿಯಲ್ಲಿ ತಂದಳು. ನಾನು ಒಳಗೊಳಗೇ ನಕ್ಕೆ. ಅವಳು ಆ ಮಣ್ಣಿಗೆ ಹತ್ತಿಯ ಎಳೆ ಸೇರಿಸಿ, ನೀರು ಚಿಮುಕಿಸಿ, ರೊಟ್ಟಿಯ ಹಿಟ್ಟಿನ ಹಾಗೆ ನಾದಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವಿಬ್ಬರೂ ಪಡಸಾಲೆಯ ಎರಡು ಮೂಲೆಯಲ್ಲಿ ಬೆನ್ನು ಮಾಡಿ ಕೂತು ಮಾಡಿದೆವು. ಮುಗಿಸಿ ತಿರುಗಿ ನೋಡಿದೆ. ನನ್ನ ಎತ್ತುಗಳು ಎತ್ತಿನ ಹಾಗಿದ್ದವು, ಅಷ್ಟೇ. ಅವಳವು ಇನ್ನೇನು ಕಿವಿ ಅಲ್ಲಾಡಿಸುತ್ತವೆ ಎನ್ನುವಂತಿದ್ದವು. ಹೆಗಲ ಮೇಲೆ ಉಬ್ಬಿದ ಇಣಿ, ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲಿನ ನೆರಿಗೆ, ಮೂಗಿನ ಹೊರಳೆ. ಅದರಲ್ಲೊಂದು ನಮ್ಮ ಸರ್ಜಾನ ಹಾಗೆಯೇ ತಲೆಯನ್ನು ಒಂಚೂರು ಎಡಕ್ಕೆ ಓರೆ ಮಾಡಿತ್ತು. ಬಂದು ಮೂರು ತಿಂಗಳಾದವಳು ನಮ್ಮ ಸರ್ಜಾನನ್ನು ನನಗಿಂತ ಚೆನ್ನಾಗಿ ನೋಡಿದ್ದಳು.

ಊಟವಾಗಿ ಮನೆ ಅಡ್ಡಾಗಿತ್ತು. ಎರಡೂ ಜೋಡಿಗಳನ್ನು ಗ್ವಾದಲಿಯ ಕಟ್ಟೆಯ ಮೇಲೆ ಆರಲು ಇಟ್ಟಿದ್ದರು. ನೀಲಾ ಅವ್ವನ ಮಗ್ಗುಲಲ್ಲಿ ನಿದ್ದೆ ಹೋಗಿದ್ದಳು, ನನ್ನ ಅವ್ವನ ಮಗ್ಗುಲಲ್ಲಿ! ನಾನು ಮೆಟ್ಟಿಲಿಳಿದೆ. ಓರೆ ತಲೆಯ ಎತ್ತಿನ ಕಾಲು ಮುರಿಯಬೇಕೆಂದೇ ಹೋದದ್ದು. ಬೆರಳಿಟ್ಟೆ. ಮುರಿಯಲು ಆಗಲಿಲ್ಲ. ಅಷ್ಟು ಚೆಲುವಿತ್ತು ಅದು. ಅದಕ್ಕೂ ನನಗೆ ಸಿಟ್ಟು ಬಂತು. ಚೆಲುವು ಉಳಿಯಲಿ, ನಗೆಪಾಟಲಾಗಲಿ ಎಂದುಕೊಂಡೆ. ನನ್ನ ಉಳಿದ ಮಣ್ಣಿನಲ್ಲಿ ಹೆಬ್ಬೆರಳಿನಷ್ಟು ಚಿವುಟಿ, ಮೊನೆ ಮಾಡಿ, ಅದರ ಮೂಗಿನ ಮೇಲೆ ನಟ್ಟಗೆ ಒಂದು ಕೊಂಬು ಹಚ್ಚಿದೆ. ನೀರು ಸವರಿ ಸಂದು ಮುಚ್ಚಿದೆ. ಗ್ವಾದಲಿಯ ಮಬ್ಬಿನಲ್ಲಿ ಹಸಿ ಮಣ್ಣು ಹಸಿ ಮಣ್ಣಿಗೆ ಹೊಂದಿಕೊಂಡು ಹುಟ್ಟಿನಿಂದಲೇ ಬಂದಂತಾಯಿತು. ಸರ್ಜಾ ಪಕ್ಕದಲ್ಲೇ ಮೇವು ಮೆಲ್ಲುತ್ತ ಎಲ್ಲ ನೋಡಿದ.

ಮರುದಿನ ಬೆಳಿಗ್ಗೆ ಅಜ್ಜ ಮಿಂದು, ವಿಭೂತಿ ಹಚ್ಚಿಕೊಂಡು ಎತ್ತು ತರಲು ಹೋದವನು ಅಲ್ಲೇ ನಿಂತ. ಅವ್ವ ಹೋಗಿ ನೋಡಿದಳು. ನೀಲಾ ಓಡಿದಳು. ನಾನು ಕೊನೆಗೆ ಹೋದೆ, ಕಣ್ಣು ತಿಕ್ಕುತ್ತ, ಆಗತಾನೆ ಎದ್ದವಳ ಹಾಗೆ.

"ಅಯ್ಯ, ಮೂಗಿನ ಮ್ಯಾಲ ಕೊಂಬ!" ಎಂದಳು ಅವ್ವ. "ಇಂಥಾದ್ದ ದೇವರ ಮುಂದ ಇಡಬಾರದ್ರೀ ಮಾವಾರ, ಅಪಶಕುನ."

ಅಜ್ಜ ಎತ್ತನ್ನು ಅಂಗೈ ಮೇಲಿಟ್ಟು ಆಚೆ ಈಚೆ ತಿರುಗಿಸಿದ. ಅವ್ವ ಒಮ್ಮೆ ನನ್ನ ಕೈ ಕಡೆ ನೋಡಿದಳು.

"ಇದನ್ನ ಯಾರ ಹಚ್ಚಿದ್ರು?" ಎಂದ ಅಜ್ಜ.

ನಾನು ಕೈಗಳನ್ನು ಲಂಗದ ಹಿಂದೆ ಅಡಗಿಸಿದೆ. ಆಗ ನೀಲಾ ಮುಂದೆ ಬಂದಳು. ದನಿ ಸಣ್ಣದಿತ್ತು, ಆದರೆ ತಡವರಿಸಲಿಲ್ಲ.

"ನಾನ ಹಚ್ಚೇನಿ ಅಜ್ಜ. ಬೇಕಂತನ ಹಚ್ಚೇನಿ."

"ಯಾಕವಾ?"

"ಎಡಕ್ಕ ಬಂದವ್ರಿಗೆ ಒಂದ ಕೊಂಬ ಐತಿ, ಬಲಕ್ಕ ಬಂದವ್ರಿಗೆ ಒಂದ ಐತಿ. ನಟ್ಟ ನಡುವ ಬಂದವ್ರಿಗೆ ಯಾವ್ದೈತಿ?"

ಅಜ್ಜ ಆ ಕೊಂಬಿನ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಣಿಯಿತು, ಮೀಸೆ ಕುಣಿಯಿತು, ಗ್ವಾದಲಿಯ ಎಮ್ಮೆ ಬೆದರುವ ಹಾಗೆ ನಕ್ಕ. "ಖರೇ ಐತಿ! ಬಸವಣ್ಣಗ ಇಷ್ಟ ದಿನಾ ಯಾರೂ ಇದನ್ನ ವಿಚಾರ ಮಾಡಿರಲಿಲ್ಲ ನೋಡು," ಎಂದು ಅದನ್ನು ಜಗಲಿ ಏರಿಸಿದ. ಮೂಗಿನ ಕೊಂಬಿಗೆ ಬೇರೆಯಾಗಿ ಒಂದು ಎಸಳು ಹೂವಿಟ್ಟ. ನನ್ನ ಎತ್ತುಗಳು ಕೆಳಗೆ, ಕಂಬದ ಬುಡದಲ್ಲಿ ಕೂತವು. ಆ ದಿನ ಹೋಳಿಗೆ ನನಗೆ ಸಪ್ಪಗಿತ್ತು.

ಇನ್ನೂ ಉರಿಯುವುದು ಬಾಕಿಯಿತ್ತು. ಅಮಾವಾಸ್ಯೆಯ ಮರುದಿನ ಮಕ್ಕಳು ಒಂದು ಕುಂಟ ಎತ್ತನ್ನು ಮಣೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುವುದು ನಮ್ಮಲ್ಲಿ ಪದ್ಧತಿ. ಬೇಡಿ ತಂದದ್ದನ್ನು ಅಡುಗೆ ಮಾಡಿಸಿಕೊಂಡು ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ವರ್ಷ ನಮ್ಮ ಓಣಿಯ ಹುಡುಗಿಯರು ಕುಂಟ ಎತ್ತನ್ನು ಬಿಟ್ಟು ಮೂರು ಕೊಂಬಿನದನ್ನೇ ಹೊತ್ತರು. ಪ್ರತಿ ಮನೆಯಲ್ಲೂ ಹೆಂಗಸರು ಹೊರಗೆ ಬಂದು, ಒಳಗಿದ್ದವರನ್ನು ಕರೆದು ತೋರಿಸಿ, ಬೊಗಸೆಗೆ ಬೊಗಸೆ ಜೋಳ ಹಾಕಿದರು.

"ಯಾರ ಮಾಡ್ಯಾರ ಇದನ್ನ?"

"ನೀಲಾ! ನೀಲಾ ಮಾಡ್ಯಾಳ!"

"ಎಂಥಾ ಬುದ್ಧಿ ಬೇ! ಮೂಗಿನ ಮ್ಯಾಲ ಕೊಂಬ ಅಂತ!"

ನನ್ನ ಕೊಂಬು. ನನ್ನ ಬುದ್ಧಿ. ಜೋಳದ ಬುಟ್ಟಿ ನನ್ನ ತಲೆಯ ಮೇಲಿತ್ತು, ಮನೆಯಿಂದ ಮನೆಗೆ ಭಾರವಾಗುತ್ತಿತ್ತು. ಬಾಯಿ ತೆರೆದು ಅದು ನನ್ನದು ಎನ್ನಬೇಕೆಂದರೆ, ಯಾಕೆ ಹಚ್ಚಿದೆ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಇಡೀ ಆರಗ ಹೊಗಳುತ್ತಿದ್ದದ್ದು ನನ್ನ ಕೈಯ ಕೆಲಸವನ್ನು, ಹೊಗಳಿಕೆ ಹೋಗುತ್ತಿದ್ದದ್ದು ಅವಳಿಗೆ. ಇಂಥ ಪೇಚು ಶತ್ರುವಿಗೂ ಬೇಡ.

ಎರಡು ದಿನ ಬಿಟ್ಟು ಬಂಡಿ ಹೊರಟಿತು. ಕೋಳಿ ಕೂಗುವ ಹೊತ್ತು. ಎಲೆಬುಟ್ಟಿಗಳ ನಡುವೆ ನೀಲಾ, ಮಡಿಲಲ್ಲಿ ಅರಿವೆ ಮುಚ್ಚಿದ ಆ ಎತ್ತು. ನಾನು ಬಾಗಿಲ ಹಿಂದೆ ನಿಂತು, ಚಕ್ರದ ಸದ್ದು ಊರ ಹೊರಗಿನ ಹಳ್ಳ ದಾಟುವ ತನಕ ಕೇಳಿಸಿಕೊಂಡೆ. ಮರುದಿನ ಸಂಜೆ ಬರುವಾಗ ಅವಳ ಮಡಿಲು ಖಾಲಿಯಿತ್ತು. ಅವ್ವನ ಹತ್ತಿರ ಬಿಟ್ಟು ಬಂದೆ ಎಂದಳು, ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ರೈಲು ಹೇಗಿತ್ತು ಎಂದು ಕೇಳಲು ನಾಲಗೆ ತುರಿಸುತ್ತಿತ್ತು, ಕಚ್ಚಿ ಹಿಡಿದೆ.

ಶ್ರಾವಣದಲ್ಲಿ ತಾರಾಕಾಕು ತೀರಿಕೊಂಡಳು. ಮನೆಯವರೆಲ್ಲ ನೀಲಾನ ಸುತ್ತ ಕೂತು ಅತ್ತರು. ನಾನೂ ಅತ್ತೆ, ಅಳುತ್ತಲೇ ಲೆಕ್ಕ ಹಾಕಿದೆ: ಇನ್ನು ಬಲಗಡೆಯ ಜಾಗ ಎಂದಿಗೂ ನನಗೆ ತಿರುಗಿ ಬರುವುದಿಲ್ಲ. ಎಂಟು ವರ್ಷದವಳ ಎದೆಯಲ್ಲಿ ಅಳುವೂ ಉರಿಯೂ ಒಂದೇ ಒಲೆಯಲ್ಲಿ ಬೇಯುತ್ತವೆ. ಎಷ್ಟೋ ದಿನಗಳ ಮೇಲೆ ಇನ್ನೊಂದು ವಿಚಾರ ಬಂತು, ಅದು ಹೋಗಲಿಲ್ಲ. ನನ್ನ ಕೊಂಬು ನಾನು ಅಂದುಕೊಂಡಂತೆ ಕೆಲಸ ಮಾಡಿದ್ದರೆ, ಆ ಎತ್ತು ಜಗಲಿ ಏರುತ್ತಿರಲಿಲ್ಲ, ನೀಲಾ ಬಂಡಿ ಏರುತ್ತಿರಲಿಲ್ಲ, ಅವ್ವನನ್ನು ಕೊನೆಗೊಮ್ಮೆ ನೋಡುತ್ತಿರಲಿಲ್ಲ. ಅದಕ್ಕೇ ಯಾರಿಗೂ ಹೇಳದೆ ಇದ್ದದ್ದು. ನೀಲಾಗಂತೂ ಹೇಳಲೇ ಇಲ್ಲ. ಒಂದೇ ಮನೆಯಲ್ಲಿ ಬೆಳೆದೆವು, ಒಂದೇ ಚಪ್ಪರದಡಿ ಮದುವೆಯಾಯಿತು, ಅವಳು ಸಾಂಗಲಿಯ ಅರಿವೆ ಅಂಗಡಿಯವರ ಮನೆಗೆ ಹೋದಳು, ನಾನು ಮಿರಜಿಗೆ. ನಡುವೆ ಬಸ್ಸಿನ ಹಾದಿ ಇಷ್ಟೇ ಇಷ್ಟು. ಅವಳ ಮನೆಯ ಕಡಬಿಗಿಂತ ನನ್ನ ಕಡಬು ತೆಳ್ಳಗಾಗಬೇಕೆಂದು ಮಾಡಿ ಮಾಡಿ ನನ್ನ ಕೈ ತಿದ್ದಿತು. ಊರವರು ಈಗ ನನ್ನ ಕಡಬನ್ನು ಹೊಗಳುತ್ತಾರೆ. ಅದನ್ನು ಕಲಿಸಿದವಳು ಯಾರೆಂದು ನಾನು ಯಾರಿಗೂ ಹೇಳುವುದಿಲ್ಲ.

ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ನೀಲಾ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಖಂಡೇರಾಜುರಿಯ ಬೀಗರ ಹೊಲದ ಕರಿಮಣ್ಣು. ನನ್ನ ಹತ್ತಿರ ಆರಗದಿಂದ ತರಿಸಿದ ಕೆಂಪು ಮಣ್ಣಿತ್ತು. ಎರಡನೆಯ ಮಾಳಿಗೆಯ ನಮ್ಮ ಗ್ಯಾಲರಿಯಲ್ಲಿ ಹಳೆಯ ಪೇಪರು ಹಾಸಿ ಕೂತೆವು. ಎತ್ತು ಮಾಡುವುದಿಲ್ಲ, ಮೂರು ಕೊಂಬಿನವನನ್ನೇ ಮಾಡುತ್ತೇನೆ ಎಂದಳು ಓವಿ. ನಾನು ತಲೆ ಮಾಡಲು ಹೋದೆ, ಅದು ಬದನೆಕಾಯಿಯಾಯಿತು. ನೀಲಾ ಒಂದು ಉಂಡೆ ಕರಿಮಣ್ಣು ತೆಗೆದುಕೊಂಡು ಅಂಗೈಯಲ್ಲಿ ತಟ್ಟಿ, ಅಂಚನ್ನು ಕಡಬಿನಂತೆ ಸಣ್ಣಗೆ ನೆರಿಗೆ ಒತ್ತಿ ತಲೆಯ ಹಿಂದೆ ನಿಲ್ಲಿಸಿದಳು. ಮೊರ! ಪುಸ್ತಕದಲ್ಲಿದ್ದ ಹಾಗೆಯೇ. ಓವಿ ಕಿರುಚಿ, ನನ್ನ ಪಕ್ಕದಿಂದ ಎದ್ದು, ಅವಳ ಬಲಕ್ಕೆ ಹೋಗಿ ತೊಡೆಗೆ ಒರಗಿ ಕೂತಳು. ಬಲಕ್ಕೇ. ನನ್ನ ಹೊಟ್ಟೆಯಲ್ಲಿ ಅರವತ್ತು ವರ್ಷದ ಹಳೆಯ ಕೆಂಡ ಬೂದಿ ಕೊಡವಿಕೊಂಡು ಎದ್ದಿತು.

"ನೀಲಾಆಜಿ, ಮರಿ ಇದ್ದಾಗ ಇದರ ಕೊಂಬ ಹಿಂದಕ್ಕ ಬಾಗಿರತಾವ," ಎಂದು ಓವಿ ಪುಸ್ತಕ ತೆರೆದು ಅವಳಿಗೆ ಪಾಠ ಶುರು ಮಾಡಿದಳು. "ದೊಡ್ಡದಾದ ಮ್ಯಾಲ ಮುಂದಕ್ಕ ತಿರಗತಾವ. ಆಣಿ ಹೇ ಬಘ, ಮೂಗಿನ ಮ್ಯಾಲ!"

ನೀಲಾ ಕನ್ನಡಕ ಏರಿಸಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಾಯಿ ಅರಳಿತು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಆ ಕೊಂಬ ನಾ ಹಚ್ಚಿದ್ದು," ಎಂದೆ. "ನಿನ್ನ ಎತ್ತಿಗೆ. ಕೆಡಸಾಕಂತ ಹಚ್ಚಿದ್ದು. ನೀ ಮಿರಜಿಗೆ ಹೋಗಬಾರದಂತ."

"ಗೊತ್ತೈತಿ."

"ಏನ ಗೊತ್ತೈತಿ?"

"ಕಸ್ತೂರಿ, ಎತ್ತು ಕರೇ ಮಣ್ಣಿಂದು, ಕೊಂಬ ನೀ ತಂದ ಕೆಂಪ ಮಣ್ಣಿಂದು. ಹಸಿ ಇದ್ದಾಗ ಎಲ್ಲಾ ಒಂದ ಬಣ್ಣ. ರಾತ್ರಿ ಆರಿ ಮುಂಜಾನೆ ಎತ್ತು ಬೂದಿಯಂಗ, ಕೊಂಬ ಕುಂಕುಮದಂಗ. ಅಜ್ಜಗ ಗೊತ್ತಿತ್ತು, ನಿಮ್ಮವ್ವಗ ಗೊತ್ತಿತ್ತು, ಜ್ವಾಳ ಹಾಕಿದವ್ರಿಗೆಲ್ಲಾ ಗೊತ್ತಿತ್ತು. ಊರಾಗ ಗೊತ್ತಿಲ್ಲದಾಕಿ ನೀ ಒಬ್ಬಾಕಿ."

ನಾನು ನನ್ನ ಮುಂದಿದ್ದ ಕೆಂಪು ಮಣ್ಣನ್ನು ನೋಡಿದೆ, ಅವಳ ಮುಂದಿದ್ದ ಕರಿಮಣ್ಣನ್ನು ನೋಡಿದೆ. ಹೌದಲ್ಲ! ಅವತ್ತು ನಾನು ಜನರ ಮುಖ ನೋಡಿದ್ದೆ, ಎತ್ತಿನ ಬಣ್ಣ ನೋಡಿರಲಿಲ್ಲ.

"ಮತ್ತ ನಾನ ಹಚ್ಚೇನಿ ಅಂತ ಯಾಕಂದಿ? ನನ್ನ ಉಳಸಾಕ?"

"ನಿನ್ನ ಉಳಸಾಕ ಏನ ಅಲ್ಲ, ಸುಮ್ಮ ಕುಂದ್ರು. ಕೆಟ್ಟೈತಿ ಅಂದ್ರ ಜಗಲಿ ಏರಸಂಗಿಲ್ಲ. ಜಗಲಿ ಏರದಿದ್ರ ನಾ ಬಂಡಿ ಏರಂಗಿಲ್ಲ. ಬೇಕಂತ ಹಚ್ಚೇನಿ ಅಂದ್ರ ಅದು ಕೆಟ್ಟದ್ದಲ್ಲ, ಮಾಡಿದ್ದು. ನನಗ ಅವ್ವನ ನೋಡಬೇಕಾಗಿತ್ತು."

ಸ್ವಲ್ಪ ಹೊತ್ತು ಅವಳು ಬೆರಳಲ್ಲಿ ಮಣ್ಣು ಹೊಸೆದಳು. ಓವಿ ಇಬ್ಬರ ಬಾಯಿಯನ್ನೂ ನೋಡುತ್ತ ಕೂತಿದ್ದಳು.

"ಒಳಗ ಬಿಡಲಿಲ್ಲ ನನ್ನ. ಖಿಡಕಿ ಹೊರಗ ಅಜ್ಜ ನನ್ನ ಎತ್ತಿ ಹಿಡದಾ, ನಾ ಎತ್ತನ್ನ ಎತ್ತಿ ಹಿಡದೆ. ಅವ್ವ ಅದನ್ನ ನೋಡಿ ನಕ್ಕಳು. ಕೆಮ್ಮು ಬರೂತನ ನಕ್ಕಳು. ಮೂಗಿನ ಕೊಂಬ ಕೆಂಪ ಯಾಕವಾ ಅಂತ ಕೇಳಿದ್ಲು. ಕಸ್ತೂರಿ ಹಚ್ಯಾಳ ಅಂದೆ. ಆಕಿಗರೆ ಸುಳ್ಳ ಹೆಂಗ ಹೇಳಲಿ? ಹೌದಾ, ಇಬ್ಬರೂ ಕೂಡೇ ಆಡತೀರಿ ಹಂಗಾರ, ಚಲೋ ಆತು, ಅಂದ್ಲು. ಎರಡ ಸಲ ಅಂದ್ಲು, ಚಲೋ ಆತು ಅಂತ. ಅವ್ವನ ಮಾರಿ ಈಗ ನನಗ ನೆನಪಿಲ್ಲ ಕಸ್ತೂರಿ. ಆ ನಗು ಅಷ್ಟ ಐತಿ."

ಕೆಂಪು ಮಣ್ಣಿನ ಕೈಯನ್ನು ಅವಳ ಕರಿಮಣ್ಣಿನ ಕೈಯ ಮೇಲಿಟ್ಟೆ. ಕೆಳಗೆ ರಸ್ತೆಯಲ್ಲಿ ರಿಕ್ಷಾದವನೊಬ್ಬ ಹಾರ್ನು ಹೊಡೆಯುತ್ತಲೇ ಇದ್ದ. ಓವಿಗೆ ಬೇಸರವಾಯಿತು. ನೀಲಾನ ತೊಡೆಯಿಂದ ಎದ್ದು ಕೊಂಬಿಲ್ಲದ ತನ್ನ ಪ್ರಾಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಮುಂದೆ ತಂದಿಟ್ಟಳು.

"ಅಜ್ಜಿ, ಮೂಗಿಂದು ನೀ ಹಚ್ಚು. ಲಾಲ್ ಮಣ್ಣಿಂದು."

ಹಚ್ಚಿದೆ. ಹೆಬ್ಬೆರಳಿನಷ್ಟು ಚಿವುಟಿ, ಮೊನೆ ಮಾಡಿ, ನೀರು ಸವರಿ. ಅರವತ್ತು ವರ್ಷವಾದರೂ ಕೈ ಮರೆತಿರಲಿಲ್ಲ. ಕಣ್ಣಿನ ಮೇಲಿನ ಎರಡು ಉದ್ದ ಕೊಂಬುಗಳನ್ನು ನೀಲಾ ಮಾಡಿದಳು. ಬಹಳ ಚೆನ್ನಾಗಿದ್ದವು, ಅದರ ಮಾತು ಈಗ ಬೇಡ. ಮರುದಿನ ಅದು ಆರಿ, ಬೂದುಬಣ್ಣದ ಮೈಯ ಮೇಲೆ ಕುಂಕುಮದಂಥ ಕೊಂಬು ಎದ್ದು ಕಾಣುತ್ತ ನ್ಯಾಫ್ತಲೀನ್ ವಾಸನೆಯ ನಮ್ಮ ಪುಟ್ಟ ದೇವರ ಕಪಾಟನ್ನು ಏರಿತು. ನೀಲಾ ಉಳಿದುಕೊಂಡಿದ್ದಳು, ಹೋಳಿಗೆ ನಾವಿಬ್ಬರೂ ಕೂಡಿ ಮಾಡಿದೆವು. ಮರುದಿನದ ತನಕ ಕಾಯಲಾರದೆ ಅದೇ ಸಂಜೆ ಓವಿ ಆ ಪ್ರಾಣಿಯನ್ನು ಮಣೆಯ ಮೇಲಿಟ್ಟುಕೊಂಡು ಕಟ್ಟಡದ ಎಲ್ಲ ಮನೆಗಳ ಬೆಲ್ಲು ಒತ್ತಿದಳು. ಹಿಂದೆ ನಾವಿಬ್ಬರು ಮುದುಕಿಯರು, ನನ್ನ ಕೈಯಲ್ಲಿ ಬುಟ್ಟಿ, ನೀಲಾ ಗೋಡೆ ಹಿಡಿದುಕೊಂಡು. ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ, ಯಾರು ಮಾಡಿದ್ದು ಇದನ್ನು ಎಂದು. ಪ್ರತಿ ಬಾಗಿಲಲ್ಲೂ ಓವಿ ಮೊದಲು ಮೂಗಿನ ಕೊಂಬನ್ನೇ ಮುಟ್ಟಿ ತೋರಿಸಿ, ಇಡೀ ಮೆಟ್ಟಿಲ ಕೋಣೆ ಮೊಳಗುವ ಹಾಗೆ ಕೂಗಿದಳು:

"ಇದು ನಮ್ಮ ಅಜ್ಜೀದು! ನಮ್ಮ ಕಸ್ತೂರಿ ಅಜ್ಜೀದು!"

ಮೂರನೆಯ ಬಾಗಿಲಿನ ಹೊತ್ತಿಗೆ ನಾನು ಮೆಲ್ಲಗೆ ತಿರುಗಿ ನೀಲಾನ ಮುಖ ನೋಡಿದೆ. ನಗುತ್ತಿದ್ದಳು. ಆದರೆ ಆ ನಗೆಯ ಮೂಲೆಯಲ್ಲಿ, ಬಾಯಿ ಒಂಚೂರು ಬಿಗಿದಲ್ಲಿ, ನನಗೆ ಬಹಳ ಪರಿಚಯದ ಒಂದು ಉರಿ ಕಂಡಿತು. ದೊಡ್ಡದಲ್ಲ, ಮಣ್ಣೆತ್ತಿನ ಕಣ್ಣಿಗೆ ಒತ್ತುವ ಜೋಳದ ಕಾಳಿನಷ್ಟು. ನನಗೆ ಅಷ್ಟು ಸಾಕಿತ್ತು. ಈ ಸಲ ಭಾರದ ಬುಟ್ಟಿಯನ್ನು ಅವಳ ಕೈಗೆ ಕೊಟ್ಟೆ.